ಸ್ಕ್ರೂಡ್ರೈವರ್ ಯಾರ ಕೈಯಲ್ಲಿ? ಶಾಲೆ ಬಿಟ್ಟ ಮೇಲೆ ಒಂದು ಎಂಜಿನಿಯರಿಂಗ್ ಕ್ಲಬ್ ನಡೆಸುವ ಬಗೆ

ಯಾವುದಾದರೂ ಹೈಸ್ಕೂಲಿನ ಲ್ಯಾಬ್ ಪೀರಿಯಡ್ಡಿನಲ್ಲಿ ಹತ್ತು ನಿಮಿಷ ಸುಮ್ನೆ ಹಿಂದೆ ನಿಂತು ನೋಡಿ. ಐದು ಮಕ್ಕಳ ಗುಂಪಿಗೆ ಒಂದು ಬ್ಯಾಟರಿ, ಎರಡು ವೈರು, ಒಂದು ಬಲ್ಬು ಕೊಟ್ಟಿರುತ್ತಾರೆ. ವೈರು ಹುಡುಗನ ಕೈಯಲ್ಲಿ. ಪಕ್ಕದ ಹುಡುಗ ಅವನಿಗೆ ಸಲಹೆ ಕೊಡುತ್ತಿರುತ್ತಾನೆ. ಹುಡುಗಿಯರ ಕೈಯಲ್ಲಿ ಪೆನ್ನು, ಸ್ಕೇಲು, ರೆಕಾರ್ಡ್ ಪುಸ್ತಕ. "ನಿನ್ನ ಅಕ್ಷರ ದುಂಡಗಿದೆ, ನೀನು ಬರಿ" ಅಂತ ಯಾರೋ ಹೇಳಿರುತ್ತಾರೆ. ಬೈದು ಹೇಳಿದ್ದಲ್ಲ, ಹೊಗಳಿಯೇ ಹೇಳಿದ್ದು. ಮೂರು ವರ್ಷ ಹೀಗೇ ಕಳೆದರೆ, ವಿಜ್ಞಾನದಲ್ಲಿ ತೊಂಬತ್ತು ತೆಗೆದ ಹುಡುಗಿಗೂ "ಮೆಷಿನ್ನು ಗಿಷಿನ್ನು ನನಗೆ ಆಗಿಬರಲ್ಲ" ಅನ್ನಿಸಿಬಿಡುತ್ತದೆ.

ಹೆಣ್ಣುಮಕ್ಕಳು ಎಂಜಿನಿಯರಿಂಗಿಗೆ ಬರಬೇಕು ಎಂಬ ಭಾಷಣಗಳಿಗೆ ನಮ್ಮಲ್ಲಿ ಬರ ಇಲ್ಲ. ಬರ ಇರುವುದು ಅವರು ಸ್ಕ್ರೂಡ್ರೈವರ್ ಹಿಡಿಯುವ ಹೊತ್ತಿಗೆ. ಹುಡುಗ, ಹುಡುಗಿ ಎಂಬ ಎರಡು ಸಾಲಿನಲ್ಲಿ ಯಾವುದರಲ್ಲೂ ನಿಲ್ಲಲು ಮನಸ್ಸಿಲ್ಲದ ಮಕ್ಕಳಿಗೆ ಆ ಹೊತ್ತು ಇನ್ನೂ ಕಡಿಮೆ. ಅವರು ಗುಂಪಿನ ಅಂಚಿನಲ್ಲೇ ಉಳಿದುಬಿಡುತ್ತಾರೆ.

ವಾರಕ್ಕೆ ಎರಡು ಗಂಟೆ, ಶಾಲೆ ಬಿಟ್ಟ ಮೇಲೆ, ಈ ಮಕ್ಕಳಿಗೆಂದೇ ಒಂದು ಜಾಗ ಮಾಡಿಕೊಡುವುದು ಹೇಗೆ ಎಂದು ಇಲ್ಲಿ ಬರೆದಿದ್ದೇನೆ. ತಾಲ್ಲೂಕು ಕೇಂದ್ರದಲ್ಲಿರುವ ಒಬ್ಬ ಮೇಷ್ಟ್ರು, ಡಿಪ್ಲೊಮಾ ಓದುತ್ತಿರುವ ಒಬ್ಬ ಅಕ್ಕ, ರಜೆಗೆ ಊರಿಗೆ ಬರುವ ಒಬ್ಬ ಎಂಜಿನಿಯರ್, ಯಾರು ಬೇಕಾದರೂ ಶುರು ಮಾಡಬಹುದು. ದೊಡ್ಡ ದುಡ್ಡು ಬೇಕಿಲ್ಲ. ಆದರೆ ಹೆಜ್ಜೆಗಳನ್ನು ಈ ಕ್ರಮದಲ್ಲೇ ಇಟ್ಟರೆ ಒಳ್ಳೆಯದು.

1. ಮೊದಲು ಬಸ್ಸಿನ ಟೈಮು ನೋಡಿ

ಕ್ಲಬ್ ಅಂದ ತಕ್ಷಣ ಎಲ್ಲರ ತಲೆ ಕಿಟ್ ಕಡೆಗೆ ಓಡುತ್ತದೆ. ಆರ್ಡುಯಿನೊ (ಪ್ರೋಗ್ರಾಂ ಬರೆದು ಓಡಿಸುವ ಸಣ್ಣ ಎಲೆಕ್ಟ್ರಾನಿಕ್ ಬೋರ್ಡು) ತರೋಣವಾ, ರೋಬೊ ತರೋಣವಾ ಅಂತ. ಅದು ಆಮೇಲೆ. ಮೊದಲು ಬಸ್ ಸ್ಟ್ಯಾಂಡಿಗೆ ಹೋಗಿ ಸುತ್ತಲಿನ ಹಳ್ಳಿಗಳ ಬಸ್ಸು ಯಾವಾಗ ಯಾವಾಗ ಇದೆ ಎಂದು ಬರೆದುಕೊಂಡು ಬನ್ನಿ. ಹೈಸ್ಕೂಲು ಬಿಡುವುದು ನಾಲ್ಕೂವರೆ ಆಸುಪಾಸಿಗೆ. ಐದರ ಬಸ್ಸು ತಪ್ಪಿ, ಮುಂದಿನದು ಆರೂವರೆಗೆ ಇದ್ದರೆ, ಮನೆ ಸೇರುವಾಗ ಕತ್ತಲು. ಹುಡುಗ ತಡವಾಗಿ ಬಂದರೆ ಒಂದು ಗದರಿಕೆಗೆ ಮುಗಿಯುತ್ತದೆ. ಹುಡುಗಿ ತಡವಾಗಿ ಬಂದರೆ ಮರುದಿನದಿಂದ ಕ್ಲಬ್ಬೇ ಬಂದ್. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ, ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೂ ಸೇರಿ, ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತ. ದುಡ್ಡಿನ ಚಿಂತೆ ಹೋಯಿತು, ಸರಿ. ಬಸ್ಸೇ ಇಲ್ಲದ ಹೊತ್ತಿಗೆ ಉಚಿತ ಟಿಕೆಟ್ ಕಟ್ಟಿಕೊಂಡು ಏನು ಮಾಡುವುದು?

ಅದಕ್ಕೇ ನನ್ನ ಓಟು ಶನಿವಾರಕ್ಕೆ. ಅವತ್ತು ಬೆಳಗಿನ ಶಾಲೆ. ಮಧ್ಯಾಹ್ನದ ಹೊತ್ತಿಗೆ ಬಿಟ್ಟರೆ ಎರಡು ಗಂಟೆ ಕ್ಲಬ್ ನಡೆಸಿದರೂ ಮಕ್ಕಳು ಬಿಸಿಲಿರುವಾಗಲೇ ಮನೆ ಸೇರುತ್ತಾರೆ. ಮಧ್ಯೆ ಹೊಟ್ಟೆ ಹಸಿದಿರುತ್ತದೆ. ಮಂಡಕ್ಕಿಯೋ ಅವಲಕ್ಕಿಯೋ ಏನಾದರೂ ಇರಲಿ. ಹಸಿದ ಮಕ್ಕಳಿಗೆ ಓಮ್‌ನ ನಿಯಮ ಹೇಳುವುದು ಪಾಪ.

ಎಂಟು ಮತ್ತು ಒಂಬತ್ತನೇ ಕ್ಲಾಸಿನವರನ್ನೇ ಹಿಡಿಯಿರಿ. ಹತ್ತನೇ ಕ್ಲಾಸಿಗೆ ದಸರಾ ಮುಗಿಯುತ್ತಿದ್ದಂತೆ ಸ್ಪೆಷಲ್ ಕ್ಲಾಸು, ಆಮೇಲೆ ಪ್ರಿಪರೇಟರಿ ಪರೀಕ್ಷೆ. ಆ ಗಲಾಟೆಯಲ್ಲಿ ಕ್ಲಬ್ ಉಳಿಯುವುದಿಲ್ಲ. ಉಳಿಸಲು ಹೋದರೆ ಗಣಿತದ ಮೇಷ್ಟ್ರು ಮತ್ತು ನಿಮ್ಮ ನಡುವೆ ಜಗಳ ಆಗುತ್ತದೆ, ಅಷ್ಟೇ.

ಇನ್ನೊಂದು ವಿಷಯ. ಶನಿವಾರ ಮಧ್ಯಾಹ್ನ ಎಷ್ಟೋ ಹುಡುಗಿಯರಿಗೆ ತಮ್ಮ-ತಂಗಿಯರನ್ನು ನೋಡಿಕೊಳ್ಳುವ ಕೆಲಸ ಇರುತ್ತದೆ. ಅಮ್ಮ ಕೂಲಿಗೆ ಹೋಗಿರುತ್ತಾಳೆ. "ತಮ್ಮನನ್ನೂ ಕರೆದುಕೊಂಡು ಬಾ" ಎಂದು ಮೊದಲೇ ಹೇಳಿಬಿಡಿ. ಮೂಲೆಯಲ್ಲಿ ಒಂದು ಚಾಪೆ ಹಾಕಿ, ನಾಲ್ಕು ಬಣ್ಣದ ಪೆನ್ಸಿಲ್ ಇಡಿ. ಈ ಒಂದು ಚಾಪೆಯಿಂದ ಹಾಜರಾತಿ ಎಷ್ಟು ಹೆಚ್ಚುತ್ತದೆ ಎಂದು ನೀವೇ ನೋಡಿ.

2. ಜಾಗ, ಒಪ್ಪಿಗೆ, ಶೌಚಾಲಯ

ಸರ್ಕಾರಿ ಶಾಲೆಯಾದರೆ ಮುಖ್ಯೋಪಾಧ್ಯಾಯರ ಬಾಯಿಮಾತಿನ ಒಪ್ಪಿಗೆ ಸಾಲದು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ವಿಷಯ ಇಟ್ಟು ನಡಾವಳಿ ಪುಸ್ತಕದಲ್ಲಿ ಒಂದು ಸಾಲು ಬರೆಸಿಕೊಳ್ಳಿ. ನಾಳೆ ಎಚ್‌ಎಂ ವರ್ಗ ಆದರೂ ಆ ಸಾಲು ಅಲ್ಲೇ ಇರುತ್ತದೆ.

ನಿಮ್ಮ ಊರಿನ ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದೆಯಾ ಎಂದು ವಿಚಾರಿಸಿ. ನೀತಿ ಆಯೋಗದ ಅಟಲ್ ಇನ್ನೊವೇಷನ್ ಮಿಷನ್ 2016ರಲ್ಲಿ ಶುರುವಾಯಿತು. ಅದರಡಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ. 6ರಿಂದ 12ನೇ ತರಗತಿ ಮಕ್ಕಳಿಗೆ ಸೆನ್ಸರ್, ತ್ರೀಡಿ ಪ್ರಿಂಟರ್, ಎಲೆಕ್ಟ್ರಾನಿಕ್ಸ್ ಕಿಟ್ ಎಲ್ಲ ಅಲ್ಲಿರಬೇಕು. ದುಬಾರಿ ಸಾಮಾನು ಹಾಳಾದೀತೆಂಬ ಹೆದರಿಕೆಯಿಂದ ಅದಕ್ಕೆ ಬೀಗ ಹಾಕಿ ಇಡುವವರೂ ಇದ್ದಾರೆ. ಬೀಗದ ಕೈ ಕೇಳಿ. "ಶನಿವಾರ ನಾವು ಧೂಳು ಒರೆಸಿ ಕೊಡುತ್ತೇವೆ ಸರ್" ಎಂದರೆ ಸಾಮಾನ್ಯವಾಗಿ ಬಾಗಿಲು ತೆರೆಯುತ್ತದೆ. ಅದು ಇಲ್ಲದಿದ್ದರೆ ಖಾಲಿ ಕ್ಲಾಸ್ ರೂಮು, ಗ್ರಂಥಾಲಯದ ಹಿಂದಿನ ಕೋಣೆ, ಯಾವುದಾದರೂ ನಡೆಯುತ್ತದೆ. ಒಂದು ಉದ್ದ ಟೇಬಲ್ ಮತ್ತು ಬೆಳಕು ಮುಖ್ಯ.

ಜಾಗ ಒಪ್ಪಿಕೊಳ್ಳುವ ಮೊದಲು ಶೌಚಾಲಯಕ್ಕೆ ಹೋಗಿ ನೋಡಿ. ನೀರು ಇದೆಯಾ, ಒಳಗೆ ಚಿಲಕ ಇದೆಯಾ, ಶನಿವಾರ ಮಧ್ಯಾಹ್ನವೂ ತೆರೆದಿರುತ್ತದಾ? ಸುಧಾ ಮೂರ್ತಿಯವರು ಹುಬ್ಬಳ್ಳಿಯ ಬಿವಿಬಿ ಎಂಜಿನಿಯರಿಂಗ್ ಕಾಲೇಜಿಗೆ ಸೇರಿದಾಗ ಅಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯವೇ ಇರಲಿಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ. ಅದನ್ನು ಕೇಳಿ ನಾವು ಚಪ್ಪಾಳೆ ತಟ್ಟುತ್ತೇವೆ, ಆದರೆ ನಮ್ಮ ಶಾಲೆಯ ಚಿಲಕ ರಿಪೇರಿ ಮಾಡಿಸುವುದಿಲ್ಲ. ಸಾಧ್ಯವಿದ್ದರೆ ಒಂಟಿ ಬಾಗಿಲಿನ ಒಂದು ಶೌಚಾಲಯಕ್ಕೆ "ಎಲ್ಲರಿಗೂ" ಎಂದು ಬೋರ್ಡು ಹಾಕಿ. ಯಾಕೆಂದು ಮುಂದಿನ ಹೆಜ್ಜೆಯಲ್ಲಿ ಗೊತ್ತಾಗುತ್ತದೆ.

ಕೋಣೆಯಲ್ಲಿ ಯಾವಾಗಲೂ ಇಬ್ಬರು ದೊಡ್ಡವರಿರಲಿ, ಒಬ್ಬರಾದರೂ ಹೆಂಗಸಾಗಿರಲಿ. ಬಾಗಿಲು ತೆರೆದೇ ಇರಲಿ. ಮಕ್ಕಳ ಫೋಟೊ ತೆಗೆದು ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಹಾಕುವ ಚಟ ಬಿಡಿ. ಮಕ್ಕಳ ಸಹಾಯವಾಣಿ 1098ನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆಯಿರಿ.

3. ಬಾಗಿಲು ಯಾರಿಗೆ ತೆರೆದಿದೆ

ಕರಪತ್ರದಲ್ಲಿ ಬರೀ "ಹುಡುಗಿಯರಿಗಾಗಿ" ಎಂದು ಬರೆದರೆ ಕೆಲವು ಮಕ್ಕಳು ಅದು ತಮಗಲ್ಲ ಎಂದುಕೊಳ್ಳುತ್ತಾರೆ. "ಹುಡುಗಿಯರು, ಟ್ರಾನ್ಸ್‌ಜೆಂಡರ್ ಮತ್ತು ನಾನ್‌ಬೈನರಿ ಮಕ್ಕಳು" ಎಂದು ಸ್ಪಷ್ಟವಾಗಿ ಬರೆಯಬಹುದಾದ ಶಾಲೆಗಳಲ್ಲಿ ಹಾಗೇ ಬರೆಯಿರಿ (ನಾನ್‌ಬೈನರಿ ಅಂದರೆ ಹುಡುಗ, ಹುಡುಗಿ ಎರಡು ಸಾಲಿನಲ್ಲೂ ತಮ್ಮನ್ನು ಸೇರಿಸಿಕೊಳ್ಳದವರು). ಬರೆದರೆ ಊರಿನಲ್ಲಿ ಗುಸುಗುಸು ಶುರುವಾಗಿ, ಬಂದ ಮಗುವಿಗೇ ತೊಂದರೆ ಆಗುತ್ತದೆ ಅನ್ನಿಸಿದರೆ ಬೇರೆ ದಾರಿ ಇದೆ. "ಲ್ಯಾಬಿನಲ್ಲಿ ವೈರು ಹಿಡಿಯಲು ಅವಕಾಶ ಸಿಗದ ಎಲ್ಲರಿಗೂ" ಎಂದು ಹಾಕಿ. ಬರಬೇಕಾದವರಿಗೆ ಅರ್ಥವಾಗುತ್ತದೆ.

ಬಂದವರನ್ನು "ನೀನು ಯಾವ ಗುಂಪು" ಎಂದು ಕೇಳಬೇಡಿ. ಯಾರಿಂದಲೂ ಯಾವ ಪುರಾವೆಯೂ ಬೇಡ. ಹಾಜರಿ ಪುಸ್ತಕದಲ್ಲಿ ಗಂಡು, ಹೆಣ್ಣು ಎಂಬ ಕಾಲಮ್ಮೇ ಬೇಡ, ನಮಗೆ ಅದರಿಂದ ಆಗಬೇಕಾದ್ದೇನು? "ನಿನ್ನನ್ನು ಇಲ್ಲಿ ಏನಂತ ಕರೆಯಬೇಕು?" ಎಂದು ಎಲ್ಲರನ್ನೂ ಕೇಳಿ, ಅದನ್ನೇ ಬರೆದುಕೊಳ್ಳಿ. ಒಬ್ಬರನ್ನೇ ಆರಿಸಿ ಕೇಳಬಾರದು. ಎಲ್ಲರನ್ನೂ ಕೇಳಿದಾಗ ಯಾರ ಮೇಲೂ ದೀಪ ಬೀಳುವುದಿಲ್ಲ. ತಂಡ ಮಾಡುವಾಗ ಚೀಟಿ ಎತ್ತಿಸಿ. ಕ್ಲಬ್ಬಿನಲ್ಲಿ ಒಂದು ಮಗು ತನ್ನ ಬಗ್ಗೆ ಏನಾದರೂ ಹೇಳಿಕೊಂಡರೆ, ಆ ಮಗುವನ್ನು ಕೇಳದೆ ಮನೆಗಾಗಲೀ ಸ್ಟಾಫ್ ರೂಮಿಗಾಗಲೀ ಆ ಮಾತು ಒಯ್ಯಬೇಡಿ. ಹಿಂಸೆ, ಕಿರುಕುಳದ ವಿಷಯವಾದರೆ ಬೇರೆ. ಆಗ ನೀವು ತಿಳಿಸಲೇಬೇಕು (ಲೈಂಗಿಕ ಕಿರುಕುಳವಾದರೆ ಪೊಲೀಸರಿಗೆ ತಿಳಿಸುವುದು ಕಾನೂನಿನ ಪ್ರಕಾರ ಕಡ್ಡಾಯ), ಹಾಗೆ ತಿಳಿಸುತ್ತೀರಿ ಎಂದು ಮಗುವಿಗೂ ಹೇಳಬೇಕು.

ಇದಕ್ಕೆಲ್ಲ ಕಾನೂನಿನ ಬೆಂಬಲ ಇದೆ. 2014ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಪ್ರಕರಣದಲ್ಲಿ ತೃತೀಯ ಲಿಂಗವನ್ನು ಮಾನ್ಯ ಮಾಡಿತು. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆ ಕಾಯ್ದೆ ಶಿಕ್ಷಣ ಸಂಸ್ಥೆಗಳಲ್ಲಿ ತಾರತಮ್ಯ ಮಾಡಬಾರದು ಎನ್ನುತ್ತದೆ. 2021ರಲ್ಲಿ ಕರ್ನಾಟಕ ಸರ್ಕಾರಿ ನೇಮಕಾತಿಯಲ್ಲಿ ಶೇ. 1ರಷ್ಟು ಮೀಸಲಾತಿಯನ್ನೂ ಕೊಟ್ಟಿತು, ದೇಶದಲ್ಲೇ ಮೊದಲು. ಯಾರಾದರೂ "ಇದೆಲ್ಲ ಎಲ್ಲಿಂದ ತಂದ್ರಿ" ಎಂದರೆ ಇಷ್ಟು ಹೇಳಿದರೆ ಸಾಕು.

ಫಾರಂನಲ್ಲಿ ಜಾಗ ಇಲ್ಲ ಎಂಬ ತಕರಾರು ಹೊಸದೇನಲ್ಲ. ಭಾರತದ ಮೊದಲ ಮಹಿಳಾ ಎಂಜಿನಿಯರ್ ಎನಿಸಿಕೊಂಡ ಎ. ಲಲಿತಾ 1940ರ ದಶಕದಲ್ಲಿ ಮದರಾಸಿನ ಗಿಂಡಿ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಓದಿದರು. ಹದಿನೆಂಟಕ್ಕೇ ಗಂಡನನ್ನು ಕಳೆದುಕೊಂಡು, ಕೈಗೂಸಿನೊಂದಿಗೆ ತವರಿಗೆ ಬಂದವರು. ಅವರ ಪ್ರಮಾಣಪತ್ರದಲ್ಲಿ ಗಂಡಸಿಗೆಂದು ಅಚ್ಚಾಗಿದ್ದ ಪದವನ್ನು ಹೊಡೆದುಹಾಕಿ ಪೆನ್ನಿನಿಂದ ತಿದ್ದಿ ಕೊಟ್ಟರು. ಫಾರಂ ಬದಲಾಗುವವರೆಗೆ ಓದು ಕಾಯಲಿಲ್ಲ.

4. ಮನೆಯವರ ಜೊತೆ ಮಾತು

ಅಪ್ಪನ ಸಹಿ ಬೇಕಾಗುತ್ತದೆ, ನಿಜ. ಆದರೆ ನಿರ್ಧಾರ ಬಹಳ ಕಡೆ ಅಮ್ಮನದು, ಇಲ್ಲವೇ ಅಜ್ಜಿಯದು. ಅವರು ಕೇಳುವುದು ಮೂರೇ ಪ್ರಶ್ನೆ. ಎಷ್ಟು ಹೊತ್ತಿಗೆ ಬಿಡುತ್ತೀರಿ? ಹುಡುಗರು ಇರ್ತಾರಾ? ಇದರಿಂದ ಮಾರ್ಕ್ಸ್ ಬರುತ್ತಾ?

ಮೊದಲ ಎರಡಕ್ಕೆ ನೇರ ಉತ್ತರ ಕೊಡಿ. ಮೂರನೆಯದಕ್ಕೆ ಸುಳ್ಳು ಹೇಳಬೇಡಿ. "ಮಾರ್ಕ್ಸ್ ಗ್ಯಾರಂಟಿ ಇಲ್ಲ ಅಮ್ಮ. ಆದರೆ ವಿದ್ಯುತ್ ಪಾಠ ಬಾಯಿಪಾಠ ಮಾಡುವ ಕಷ್ಟ ತಪ್ಪುತ್ತದೆ" ಎನ್ನಿ. ಅಮೆರಿಕ, ಬಾಹ್ಯಾಕಾಶ ಎಂದೆಲ್ಲ ಶುರು ಮಾಡಿದರೆ ಅವರಿಗೆ ಭಯ ಜಾಸ್ತಿ ಆಗುತ್ತದೆ. ಮಗಳು ದೂರ ಹೋಗಿಬಿಡುತ್ತಾಳೆ ಅಂತ. ಹತ್ತಿರದ ಉದಾಹರಣೆ ಕೊಡಿ: ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ ಕಚೇರಿಯ ಎಂಜಿನಿಯರ್ ಮೇಡಂ, ಪಂಚಾಯತ್ ರಾಜ್ ಇಲಾಖೆಯ ಜೆಇ (ಜೂನಿಯರ್ ಎಂಜಿನಿಯರ್). ಕೋಲಾರದ ನರಸಾಪುರದ ಕಡೆ ಫೋನ್ ಕಾರ್ಖಾನೆಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಲೈನಿನಲ್ಲಿ ನಿಂತು ಕೆಲಸ ಮಾಡುತ್ತಾರೆ, ಇದು ಅಮ್ಮಂದಿರಿಗೆ ಗೊತ್ತಿರುವ ವಿಷಯ. ಆ ಲೈನನ್ನು ಹೇಗೆ ಜೋಡಿಸಬೇಕೆಂದು ಲೆಕ್ಕ ಹಾಕುವ ಕೆಲಸವೂ ಅಲ್ಲೇ ಇದೆ, ಅದಕ್ಕೆ ಸಂಬಳ ಬೇರೆ ಎಂದು ಹೇಳಿ. ತಕ್ಷಣ ಅರ್ಥವಾಗುತ್ತದೆ.

5. ಪೆಟ್ಟಿಗೆಯಲ್ಲಿ ಏನಿರಬೇಕು

ಹೊಸ ಕಿಟ್ ಕೊಳ್ಳುವ ಮೊದಲು ಊರಿನ ಟಿವಿ, ಮಿಕ್ಸಿ ರಿಪೇರಿ ಅಂಗಡಿಗೆ ಹೋಗಿ. ಅಲ್ಲಿ ಮೂಲೆಯಲ್ಲಿ ಬಿದ್ದಿರುವ ಕೆಟ್ಟ ಮಿಕ್ಸಿ, ಫ್ಯಾನು, ಇಸ್ತ್ರಿ ಪೆಟ್ಟಿಗೆ, ಆಟಿಕೆ ಕಾರು ಕೇಳಿ ತನ್ನಿ. ಗುಜರಿಯವನಾದರೆ ತೂಕದ ಲೆಕ್ಕದಲ್ಲಿ ಕೊಡುತ್ತಾನೆ.

ಕೊಳ್ಳಲೇಬೇಕಾದವು: ಮೂರು ನಾಲ್ಕು ಸ್ಕ್ರೂಡ್ರೈವರ್ ಸೆಟ್ಟು, ಕಟಿಂಗ್ ಪ್ಲೇಯರ್, ಕರೆಂಟು, ವೋಲ್ಟೇಜ್ ಅಳೆಯುವ ಒಂದೆರಡು ಮಲ್ಟಿಮೀಟರ್ (ಸಾದಾ ಡಿಜಿಟಲ್ ಮೀಟರು ಮುನ್ನೂರು ರೂಪಾಯಿ ಆಸುಪಾಸಿಗೆ ಸಿಗುತ್ತದೆ), 9 ವೋಲ್ಟ್ ಬ್ಯಾಟರಿ, ಎಲ್ಇಡಿ, 470 ಓಮ್ ಮತ್ತು 1 ಕಿಲೊ ಓಮ್ ರೆಸಿಸ್ಟರ್ (ಕರೆಂಟನ್ನು ತಡೆದು ಮಿತಿಯಲ್ಲಿಡುವ ಬಿಡಿಭಾಗ), ಬಿಸಿ 547 ಟ್ರಾನ್ಸಿಸ್ಟರ್, ಸಣ್ಣ ಬಜರ್, ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ಸರ್ಕ್ಯೂಟ್ ಜೋಡಿಸುವ ತೂತಿನ ಬೋರ್ಡು), ವೈರು. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗುವವರಿದ್ದರೆ ಒಂದು ಚೀಟಿ ಬರೆದುಕೊಡಿ, ಒಂದೇ ಬೀದಿಯಲ್ಲಿ ಎಲ್ಲ ಮುಗಿಯುತ್ತದೆ. ಸ್ಕ್ರೂಡ್ರೈವರ್ ಮಾತ್ರ ಗುಂಪಿಗೊಂದಲ್ಲ, ಇಬ್ಬರಿಗೊಂದು ಇರಲಿ. ಖರ್ಚು ಉಳಿಸಬಾರದ ಜಾಗ ಅದು.

ತರಲೇಬಾರದ ಸಾಮಾನೂ ಇದೆ. ಮೈಕ್ರೊವೇವ್ ಓವನ್, ಹಳೇ ಡಬ್ಬಾ ಟಿವಿ, ಯುಪಿಎಸ್ ಮತ್ತು ಇನ್ವರ್ಟರ್: ಇವುಗಳೊಳಗಿನ ಭಾಗಗಳಲ್ಲಿ ಪ್ಲಗ್ ತೆಗೆದ ಮೇಲೂ ಅಪಾಯಕಾರಿ ಚಾರ್ಜ್ ಉಳಿದಿರುತ್ತದೆ. ಮೊಬೈಲ್ ಬ್ಯಾಟರಿ ಚುಚ್ಚಿದರೆ ಬೆಂಕಿ. ಟ್ಯೂಬ್‌ಲೈಟ್, ಸಿಎಫ್‌ಎಲ್ ಒಡೆದರೆ ಪಾದರಸ. ಫ್ರಿಜ್ಜಿನಲ್ಲಿ ಗ್ಯಾಸು. ಮತ್ತೆ, ಬಿಚ್ಚಲು ತಂದ ಪ್ರತಿಯೊಂದು ಸಾಮಾನಿನ ಪ್ಲಗ್ಗನ್ನು ಮೊದಲೇ ಕತ್ತರಿಸಿ ಎಸೆಯಿರಿ. ಪ್ಲಗ್ಗೇ ಇಲ್ಲದಿದ್ದರೆ ಯಾರೂ ಗೋಡೆಗೆ ಸಿಕ್ಕಿಸಿ ನೋಡಲು ಆಗುವುದಿಲ್ಲ. ಕ್ಲಬ್ಬಿನಲ್ಲಿ ಏನೇ ಓಡಿಸಿದರೂ ಬ್ಯಾಟರಿಯಲ್ಲೇ.

6. ಮೊದಲ ಕೆಲವು ಶನಿವಾರ

ಮೊದಲ ದಿನ ಪರಿಚಯ ಭಾಷಣ ಬೇಡ. ಟೇಬಲ್ ಮೇಲೆ ಮಿಕ್ಸಿ ಇಟ್ಟು "ಬಿಚ್ಚಿ" ಎನ್ನಿ. ಮಿಕ್ಸಿಯೇ ಯಾಕೆ? ಈ ಮಕ್ಕಳಿಗೆ ಅದರ ಜೊತೆ ದಿನದ ಒಡನಾಟ. ಜಾಸ್ತಿ ಹೊತ್ತು ರುಬ್ಬಿದರೆ ನಿಂತುಬಿಡುತ್ತದೆ, ಆಗ ಅಡಿಯಲ್ಲಿರುವ ಕೆಂಪು ಬಟನ್ ಒತ್ತಬೇಕು ಎಂದು ಅವರಿಗೆ ಮೊದಲೇ ಗೊತ್ತು. ಆ ಬಟನ್ ಹಿಂದೆ ಏನಿದೆ ಎಂದು ಹುಡುಕಲಿ. ಅದು ಓವರ್‌ಲೋಡ್ ಸ್ವಿಚ್. ಕರೆಂಟು ಮಿತಿ ಮೀರಿದಾಗ ಸರ್ಕ್ಯೂಟನ್ನು ತಾನೇ ಕಡಿದು ಮೋಟಾರನ್ನು ಉಳಿಸುತ್ತದೆ. ಪಕ್ಕದಲ್ಲಿ ತಾಮ್ರದ ಸುತ್ತು, ನಡುವೆ ತಿರುಗುವ ಆರ್ಮೇಚರ್, ಅದಕ್ಕೆ ಒತ್ತಿಕೊಂಡಿರುವ ಎರಡು ಕಾರ್ಬನ್ ಬ್ರಷ್. ಮಿಕ್ಸಿ ಓಡುವಾಗ ಒಳಗೆ ಕಾಣುವ ನೀಲಿ ಕಿಡಿ ಅಲ್ಲಿಂದಲೇ ಬರುತ್ತದೆ. ಬ್ರಷ್ ಸವೆದಿದ್ದರೆ ಅದನ್ನಷ್ಟೇ ಬದಲಾಯಿಸಿ ಮಿಕ್ಸಿ ಸರಿ ಮಾಡಬಹುದು. ಪಠ್ಯದ ಮೋಟಾರ್ ಚಿತ್ರವನ್ನು ಇದರ ಪಕ್ಕ ಇಟ್ಟು ತೋರಿಸಿ, ಅಷ್ಟು ಸಾಕು. ಮತ್ತೆ ಜೋಡಿಸಲು ಬರದೇ ಹೋದರೆ ಚಿಂತೆ ಇಲ್ಲ, ಅದು ಗುಜರಿ ಮಿಕ್ಸಿ.

ಎರಡನೇ ವಾರ ಎಲ್ಇಡಿ. 9 ವೋಲ್ಟ್ ಬ್ಯಾಟರಿಗೆ 470 ಓಮ್ ರೆಸಿಸ್ಟರ್ ಸೇರಿಸಿ ಹೊತ್ತಿಸಲಿ. ಆಮೇಲೆ ರೆಸಿಸ್ಟರ್ ಇಲ್ಲದೆ ಒಂದನ್ನು ಸುಡಲಿ. ದೊಡ್ಡವರು ಕನ್ನಡಕ ಹಾಕಿಸಿ, ದೂರ ನಿಲ್ಲಿಸಿ ಮಾಡಿಸಬೇಕು. ಎಲ್ಇಡಿ ಒಂದೆರಡು ರೂಪಾಯಿಯದು. ಹುಡುಗಿಯರಿಗೆ "ಹಾಳು ಮಾಡಬೇಡ" ಎಂದು ಹೇಳಿ ಹೇಳಿ ಕೈ ಕಟ್ಟಿರುತ್ತೇವೆ. ಲೆಕ್ಕ ಹಾಕಿ, ಬೇಕೆಂದೇ ಒಂದು ಸಾಮಾನು ಹಾಳು ಮಾಡಿದ ಮೇಲೆ ಆ ಹೆದರಿಕೆ ಅರ್ಧ ಇಳಿಯುತ್ತದೆ. ಲೆಕ್ಕವೂ ಸುಲಭ: ಕೆಂಪು ಎಲ್ಇಡಿ ಸುಮಾರು 2 ವೋಲ್ಟ್ ತಿನ್ನುತ್ತದೆ, ಉಳಿದ 7 ವೋಲ್ಟನ್ನು 470ರಿಂದ ಭಾಗಿಸಿದರೆ ಸುಮಾರು 15 ಮಿಲಿ ಆಂಪಿಯರ್. ಅಷ್ಟು ಅದಕ್ಕೆ ಹಿತ.

ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು: ಟ್ಯಾಂಕ್ ಅಲಾರಂ. ನಮ್ಮ ಎಷ್ಟೋ ಊರುಗಳಲ್ಲಿ ನಲ್ಲಿ ನೀರು ದಿನ ಬಿಟ್ಟು ದಿನ, ಇಲ್ಲವೇ ವಾರಕ್ಕೊಮ್ಮೆ. ನೀರು ಬಂದಾಗ ಟ್ಯಾಂಕ್ ತುಂಬಿತಾ ಎಂದು ಮಾಳಿಗೆ ಹತ್ತಿ ಇಳಿಯುವ ಕೆಲಸ ಯಾರದು? ಈ ಹುಡುಗಿಯರದ್ದೇ. ಹಾಗಾಗಿ ಸಮಸ್ಯೆ ಏನೆಂದು ನೀವು ವಿವರಿಸಬೇಕಿಲ್ಲ.

ಮಾಡುವ ರೀತಿ ಹೀಗಿದೆ. ಬಿಸಿ 547 ಟ್ರಾನ್ಸಿಸ್ಟರಿನ ಚಪ್ಪಟೆ ಮುಖ ನಿಮ್ಮ ಕಡೆ ಇರಲಿ. ಎಡದಿಂದ ಅದರ ಮೂರು ಕಾಲು: ಕಲೆಕ್ಟರ್, ಬೇಸ್, ಎಮಿಟರ್. ಎಮಿಟರನ್ನು ಬ್ಯಾಟರಿಯ ಮೈನಸ್‌ಗೆ ಸೇರಿಸಿ. ಬಜರಿನ ಪ್ಲಸ್ಸನ್ನು ಬ್ಯಾಟರಿಯ ಪ್ಲಸ್ಸಿಗೆ, ಬಜರಿನ ಮೈನಸ್ಸನ್ನು ಕಲೆಕ್ಟರಿಗೆ ಕೊಡಿ. ಈಗ ಎರಡು ಉದ್ದ ವೈರು. ಒಂದು ಬ್ಯಾಟರಿಯ ಪ್ಲಸ್ಸಿನಿಂದ. ಇನ್ನೊಂದು 1 ಕಿಲೊ ಓಮ್ ರೆಸಿಸ್ಟರ್ ಮೂಲಕ ಬೇಸಿಗೆ. ಎರಡರ ತುದಿಯನ್ನೂ ಸ್ವಲ್ಪ ಸುಲಿದು, ಒಂದಕ್ಕೊಂದು ತಾಗದ ಹಾಗೆ, ಟ್ಯಾಂಕಿನ ಬಾಯಿಯ ಹತ್ತಿರ ಇಳಿಬಿಡಿ. ನೀರು ಏರಿ ಎರಡೂ ತುದಿಯನ್ನು ಮುಟ್ಟಿದಾಗ ನೀರಿನ ಮೂಲಕ ಒಂಚೂರು ಕರೆಂಟು ಬೇಸಿಗೆ ಹರಿಯುತ್ತದೆ. ಟ್ರಾನ್ಸಿಸ್ಟರ್ ಅದನ್ನು ಹಿಗ್ಗಿಸಿ ಬಜರನ್ನು ಕೂಗಿಸುತ್ತದೆ.

ಮೊದಲು ಲೋಟದ ನೀರಿನಲ್ಲಿ ಪರೀಕ್ಷೆ ಮಾಡಲಿ. ನಮ್ಮ ಬೋರ್‌ವೆಲ್ಲಿನ ಗಡಸು ನೀರಿಗೆ ಸಾಮಾನ್ಯವಾಗಿ ಚೆನ್ನಾಗಿ ಕೂಗುತ್ತದೆ. ಶುದ್ಧ ನೀರಿನ ಘಟಕದ ನೀರಿಗೆ ಸದ್ದು ಕ್ಷೀಣ, ಕೆಲವೊಮ್ಮೆ ಸದ್ದೇ ಇಲ್ಲ. ಯಾಕೆ? ಇಲ್ಲಿಂದ ಲವಣ, ಅಯಾನು, ವಾಹಕತೆ ಎಲ್ಲ ತಾನಾಗೇ ಬರುತ್ತದೆ. ಕೂಗದಿದ್ದರೆ ತುದಿಗಳನ್ನು ಹತ್ತಿರ ತರಲಿ, ಇಲ್ಲವೇ ಬಜರ್ ಉಲ್ಟಾ ಹಾಕಿದ್ದಾರಾ ನೋಡಲಿ. ಗೆದ್ದ ಮೇಲೆ ಮನೆಗೆ ಒಯ್ದು ಹಾಕಲಿ. ಟ್ಯಾಂಕಿನ ಹತ್ತಿರಕ್ಕೆ ಮೋಟಾರ್ ಪಂಪಿನ ವೈರು ಹೋಗಿದ್ದರೆ ದೊಡ್ಡವರು ಜೊತೆಗಿರಲೇಬೇಕು. ಅಲಾರಂ ಅಡುಗೆಮನೆಯಲ್ಲಿ ಒಮ್ಮೆ ಕೂಗಿತು ಎಂದರೆ ಮನೆಯವರ ಒಪ್ಪಿಗೆಯ ವಿಷಯ ಅಲ್ಲಿಗೆ ಇತ್ಯರ್ಥ.

ಆಮೇಲೆ ಎಲೆಕ್ಟ್ರಾನಿಕ್ಸ್ ಬಿಟ್ಟು ಹೊರಗೆ ಬನ್ನಿ. ಹಳೇ ಪೇಪರನ್ನು ಕೊಳವೆಯ ಹಾಗೆ ಸುತ್ತಿ, ಟೇಪ್ ಹಾಕಿ, ಎರಡು ಬೆಂಚುಗಳ ನಡುವೆ ಸೇತುವೆ ಕಟ್ಟಿಸಿ. ಮೇಲೆ ಪಠ್ಯಪುಸ್ತಕ ಒಂದೊಂದಾಗಿ ಇಡುತ್ತಾ ಹೋಗಿ. ಚೌಕ ಕಟ್ಟಿದವರದ್ದು ವಾಲುತ್ತದೆ, ತ್ರಿಕೋನ ಕಟ್ಟಿದವರದ್ದು ನಿಲ್ಲುತ್ತದೆ. ಮಲೆನಾಡು, ಕರಾವಳಿಯ ಶಾಲೆಯಾದರೆ ಸುಳ್ಯದ ಗಿರೀಶ್ ಭಾರದ್ವಾಜ್ ಕಟ್ಟಿದ ತೂಗುಸೇತುವೆ ಯಾವುದಾದರೂ ಹತ್ತಿರವೇ ಇರಬಹುದು. ಮಳೆಗಾಲದಲ್ಲಿ ಹೊಳೆ ದಾಟಲಾಗದ ಹಳ್ಳಿಗಳಿಗೆ ಅಂಥ ನೂರಕ್ಕೂ ಹೆಚ್ಚು ಸೇತುವೆ ಕಟ್ಟಿದವರು ಅವರು. 2017ರಲ್ಲಿ ಪದ್ಮಶ್ರೀ ಬಂತು. ಸೇತುವೆಯ ಮೇಲೆ ನಿಂತು ಯಾವ ಹಗ್ಗ ಎಳೆಯುತ್ತಿದೆ, ಯಾವ ಕಂಬ ಒತ್ತಡ ಹೊರುತ್ತಿದೆ ಎಂದು ನೋಡಿಸಿ.

ಆರ್ಡುಯಿನೊ, ಮೈಕ್ರೊಬಿಟ್ ಇದಾದ ಮೇಲೆ. ಮೊದಲೇ ತಂದರೆ ಯಾರ ಮನೆಯಲ್ಲಿ ಲ್ಯಾಪ್‌ಟಾಪ್ ಇದೆಯೋ ಅವರು ಮುಂದೆ, ಉಳಿದವರು ಹಿಂದೆ ಎಂದಾಗಿಬಿಡುತ್ತದೆ.

7. ನಿಮ್ಮ ಕೈ ಹಿಂದೆ ಕಟ್ಟಿಕೊಳ್ಳಿ

ಇಡೀ ಕ್ಲಬ್ಬಿನಲ್ಲಿ ಕಷ್ಟದ ಕೆಲಸ ಇದೇ. ಮಗು ಸ್ಕ್ರೂ ತಪ್ಪಾಗಿ ತಿರುಗಿಸುತ್ತಿರುತ್ತದೆ, ನಿಮ್ಮ ಕೈ ತುರಿಸುತ್ತದೆ. "ಕೊಡಿಲ್ಲಿ" ಎಂದು ಕಸಿದುಕೊಂಡರೆ ಮುಗಿಯಿತು. ಲ್ಯಾಬಿನಲ್ಲಿ ಹುಡುಗ ಮಾಡಿದ್ದನ್ನೇ ನೀವೂ ಮಾಡಿದ ಹಾಗಾಯಿತು. ಅಪಾಯ ಇಲ್ಲದಿದ್ದರೆ ಮುಟ್ಟಬೇಡಿ, ಪ್ರಶ್ನೆ ಕೇಳಿ. "ಎಲ್ಲಿವರೆಗೆ ಕರೆಂಟು ಬರುತ್ತಿದೆ? ಮೀಟರು ಇಟ್ಟು ನೋಡು."

ಬರೆಯುವ ಕೆಲಸ ವಾರ ವಾರ ಬದಲಾಗಲಿ. ದುಂಡಕ್ಷರದವಳಿಗೆ ಪೆನ್ನು ಕೊನೆಗೆ. ಕಸ ಗುಡಿಸುವುದು, ಚಹಾ ಲೋಟ ತೊಳೆಯುವುದು ಎಲ್ಲರಿಗೂ ಸರದಿಯ ಮೇಲೆ, ನಿಮಗೂ. ಹೊಗಳುವಾಗ "ಜಾಣೆ" ಎನ್ನುವ ಬದಲು ಏನು ಮಾಡಿದಳೋ ಅದನ್ನು ಹೇಳಿ: "ವೈರು ಸಡಿಲ ಇದ್ದದ್ದನ್ನು ನೀನೇ ಹುಡುಕಿದೆಯಲ್ಲ!" ಜಾಣೆ ಎನಿಸಿಕೊಂಡವರು ಮುಂದಿನ ಸಲ ತಪ್ಪಿಗೆ ಹೆದರುತ್ತಾರೆ.

"ಹುಡುಗರನ್ನೂ ಸೇರಿಸಿಕೊಳ್ಳಿ, ಪಾಪ" ಎಂಬ ಮಾತು ಬಂದೇ ಬರುತ್ತದೆ. ಮೊದಲ ವರ್ಷ ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮುಂದೆ ಸೇರಿಸಿಕೊಂಡಾಗ ಹಳಬರು ಹೊಸಬರಿಗೆ ಕಲಿಸಲಿ.

8. ಯಾರನ್ನು ಕರೆಸಬೇಕು, ಎಲ್ಲಿಗೆ ಹೋಗಬೇಕು

ದೊಡ್ಡ ಹೆಸರಿನವರು ಬೇಡ. ಪಕ್ಕದ ಪಾಲಿಟೆಕ್ನಿಕ್ಕಿನಲ್ಲಿ ಎರಡನೇ ವರ್ಷ ಓದುತ್ತಿರುವ ಹುಡುಗಿ ಬಂದು ಕೂತರೆ ಮಕ್ಕಳು ಕೇಳಬೇಕಾದ್ದನ್ನು ಕೇಳುತ್ತಾರೆ. ಹಾಸ್ಟೆಲ್ ಊಟ ಹೇಗಿದೆ, ವರ್ಕ್‌ಶಾಪಿನಲ್ಲಿ ಏನು ಬಟ್ಟೆ ಹಾಕುತ್ತೀರಿ, ಹುಡುಗರು ರೇಗಿಸುತ್ತಾರಾ, ಇಂಗ್ಲಿಷ್ ಬರದಿದ್ದರೆ ಏನು ಮಾಡಿದಿರಿ. ಬಂದವರು ಭಾಷಣ ಮಾಡದೆ, ಮಕ್ಕಳ ಜೊತೆ ಒಂದು ಸಾಮಾನು ಬಿಚ್ಚಲಿ.

ಹೋಗಲು ಜಾಗ ನಮ್ಮ ಸುತ್ತಲೇ ಇದೆ. ವಿದ್ಯುತ್ ಸಬ್‌ಸ್ಟೇಷನ್, ನೀರು ಶುದ್ಧೀಕರಣ ಘಟಕ, ಸಾರಿಗೆ ಸಂಸ್ಥೆಯ ಡಿಪೊ, ಮಂಡ್ಯದ ಕಡೆಯಾದರೆ ಆಲೆಮನೆ. ಮೊದಲೇ ಪತ್ರ ಕೊಟ್ಟು ಅನುಮತಿ ಪಡೆಯಿರಿ. ವರ್ಷಕ್ಕೊಮ್ಮೆ ದೂರ ಹೋಗುವುದಾದರೆ ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ, ಮಂಗಳೂರಿನ ಪಿಲಿಕುಳ, ಧಾರವಾಡ ಮತ್ತು ಕಲಬುರಗಿಯ ವಿಜ್ಞಾನ ಕೇಂದ್ರಗಳಿವೆ.

ಗೋಡೆಗೆ ಒಂದು ಫೋಟೊ ಹಾಕುವುದಾದರೆ ರಾಜೇಶ್ವರಿ ಚಟರ್ಜಿಯವರದ್ದು ಹಾಕಿ. ನಮ್ಮವರೇ, ಆದರೂ ನಮ್ಮ ಮಕ್ಕಳಿಗೆ ಗೊತ್ತಿಲ್ಲ. 1922ರಲ್ಲಿ ಹುಟ್ಟಿದವರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಭಾರತೀಯ ವಿಜ್ಞಾನ ಸಂಸ್ಥೆ ಸೇರಿ, ಅಮೆರಿಕದ ಮಿಚಿಗನ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡಿ 1953ರಲ್ಲಿ ವಾಪಸ್ ಬಂದರು. ಗಂಡ ಶಿಶಿರ್ ಕುಮಾರ್ ಚಟರ್ಜಿಯವರ ಜೊತೆ ಸಂಸ್ಥೆಯಲ್ಲಿ ಮೈಕ್ರೊವೇವ್ ಲ್ಯಾಬ್ ಕಟ್ಟಿದರು. ವಿಮಾನ, ಉಪಗ್ರಹಗಳ ಆಂಟೆನಾಗಳ ಮೇಲೆ ಕೆಲಸ ಮಾಡಿದರು. ಅವರ ಅಜ್ಜಿ ಕಮಲಮ್ಮ ದಾಸಪ್ಪ ಹಳೇ ಮೈಸೂರು ರಾಜ್ಯದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಆ ಅಜ್ಜಿ ಕಟ್ಟಿದ ಶಾಲೆಯಲ್ಲೇ ಮೊಮ್ಮಗಳ ಓದು ಶುರುವಾದದ್ದು.

9. ಸ್ಪರ್ಧೆ, ಮುಂದಿನ ಓದು, ಕಾಗದಪತ್ರ

ಇನ್‌ಸ್ಪೈರ್ ಮಾನಕ್ ಎಂಬ ಕೇಂದ್ರ ಸರ್ಕಾರದ ಸ್ಪರ್ಧೆಗೆ ಶಾಲೆಯಿಂದಲೇ ಮಕ್ಕಳ ಐಡಿಯಾ ಕಳುಹಿಸಬೇಕು. ಆಯ್ಕೆಯಾದರೆ ಮಾದರಿ ಮಾಡಲು 10,000 ರೂಪಾಯಿ ಮಗುವಿನ ಖಾತೆಗೇ ಬರುತ್ತದೆ. ಐಡಿಯಾ ಮಗುವಿನದ್ದೇ ಆಗಿರಲಿ, ಮೇಷ್ಟ್ರದ್ದು ಬೇಡ. ಮೊಬೈಲ್ ಆ್ಯಪ್ ಮಾಡುವ ಆಸೆ ಇರುವವರಿಗೆ ಟೆಕ್ನೊವೇಷನ್ ಗರ್ಲ್ಸ್ ಎಂಬ ಸ್ಪರ್ಧೆ ಇದೆ. ಅದು ಉಚಿತ. 8ರಿಂದ 18 ವರ್ಷದ ಹುಡುಗಿಯರ ಜೊತೆ ಟ್ರಾನ್ಸ್‌ಜೆಂಡರ್, ನಾನ್‌ಬೈನರಿ ಮಕ್ಕಳೂ ಸೇರಬಹುದು. ನವೋದಯ ಶಾಲೆ ಹತ್ತಿರವಿದ್ದರೆ ಅಲ್ಲಿ ವಿಜ್ಞಾನ ಜ್ಯೋತಿ ಕಾರ್ಯಕ್ರಮ ನಡೆಯುತ್ತಿದೆಯಾ ಕೇಳಿ, 9ರಿಂದ 12ನೇ ತರಗತಿಯ ಹುಡುಗಿಯರಿಗೆಂದೇ ಇರುವುದು ಅದು.

ಹತ್ತನೇ ತರಗತಿಯ ನಂತರ ದಾರಿ ಎರಡು. ಊರಿನವರು ಒಂದೇ ಹೇಳುತ್ತಾರೆ: ಪಿಯುಸಿ ಸೈನ್ಸ್, ಆಮೇಲೆ ಸಿಇಟಿ. ಸಿಇಟಿ ಎಂಜಿನಿಯರಿಂಗ್ ರ‍್ಯಾಂಕಿಗೆ ಪರೀಕ್ಷೆಯ ಅಂಕಕ್ಕೆ ಅರ್ಧ ತೂಕ, ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಕ್ಕೆ ಅರ್ಧ ತೂಕ. ಬರೀ ಕೋಚಿಂಗ್ ಹಿಂದೆ ಬಿದ್ದು ಪಿಯುಸಿ ಬಿಡಬಾರದು. ಎರಡನೇ ದಾರಿ ಎಸ್ಸೆಸ್ಸೆಲ್ಸಿ ಆದ ಕೂಡಲೇ ಮೂರು ವರ್ಷದ ಡಿಪ್ಲೊಮಾ. ಅದು ಮುಗಿದ ಮೇಲೆ ಡಿಸಿಇಟಿ (ಡಿಪ್ಲೊಮಾ ಮಾಡಿದವರ ಸಿಇಟಿ) ಬರೆದು ನೇರವಾಗಿ ಬಿಇ ಎರಡನೇ ವರ್ಷಕ್ಕೆ ಸೇರಬಹುದು. ಮನೆಯಲ್ಲಿ ದುಡ್ಡಿನ ಕಷ್ಟ ಇರುವವರಿಗೆ, ಕೈ ಕೆಲಸ ಇಷ್ಟವಾದವರಿಗೆ ನಾನು ಮೊದಲು ಹೇಳುವುದು ಇದನ್ನೇ. ಹದಿನೆಂಟು, ಹತ್ತೊಂಬತ್ತಕ್ಕೆ ಕೈಯಲ್ಲಿ ಕೆಲಸ ಸಿಗುವ ಓದು ಇರುತ್ತದೆ. "ಮದುವೆ ಮಾಡಿಬಿಡೋಣ" ಎಂಬ ಮಾತಿಗೆ ಅದೊಂದು ಒಳ್ಳೆಯ ತಡೆ. ಮಹಿಳೆಯರಿಗೆಂದೇ ಇರುವ ಸರ್ಕಾರಿ ಪಾಲಿಟೆಕ್ನಿಕ್‌ಗಳೂ ರಾಜ್ಯದಲ್ಲಿವೆ.

ಗಣಿತದಲ್ಲಿ ಗಟ್ಟಿ ಇರುವವರಿಗೆ ಐಐಟಿ, ಎನ್‌ಐಟಿ ಪ್ರವೇಶ ಪರೀಕ್ಷೆಯಾದ ಜೆಇಇ ಬಗ್ಗೆಯೂ ಹೇಳಿ. 2018ರಿಂದ ಐಐಟಿಗಳಲ್ಲಿ ಹುಡುಗಿಯರಿಗೆ ಹೆಚ್ಚುವರಿ ಸೀಟುಗಳಿವೆ, 2020ರ ಹೊತ್ತಿಗೆ ಹುಡುಗಿಯರ ಪಾಲನ್ನು ಶೇ. 20ಕ್ಕೆ ಏರಿಸಿದರು. ಹುಡುಗರ ಸೀಟು ಕಿತ್ತು ಕೊಟ್ಟದ್ದಲ್ಲ, ಇದ್ದ ಸೀಟಿನ ಮೇಲೆ ಸೇರಿಸಿದ್ದು. ಧಾರವಾಡದ ಐಐಟಿ, ಸುರತ್ಕಲ್‌ನ ಎನ್‌ಐಟಿಕೆ ಎರಡೂ ನಮ್ಮ ರಾಜ್ಯದಲ್ಲೇ ಇವೆ.

ದುಡ್ಡಿನ ವಿಷಯಕ್ಕೆ ಎಐಸಿಟಿಇಯ (ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ) ಪ್ರಗತಿ ವಿದ್ಯಾರ್ಥಿವೇತನ ನೆನಪಿಡಿ. ಡಿಪ್ಲೊಮಾ ಅಥವಾ ಡಿಗ್ರಿಯ ಮೊದಲ ವರ್ಷಕ್ಕೆ, ಇಲ್ಲವೇ ಲ್ಯಾಟರಲ್ ಎಂಟ್ರಿಯಲ್ಲಿ ಎರಡನೇ ವರ್ಷಕ್ಕೆ ಸೇರಿದ ಹುಡುಗಿಯರು ಅರ್ಜಿ ಹಾಕಬಹುದು. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ಮೀರಿರಬಾರದು, ಒಂದು ಮನೆಯಿಂದ ಇಬ್ಬರವರೆಗೆ. ಸಿಕ್ಕರೆ ವರ್ಷಕ್ಕೆ 50,000 ರೂಪಾಯಿ. ಇದಲ್ಲದೆ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್ ಇದೆ.

ಅರ್ಜಿ ತಪ್ಪಿಹೋಗುವುದು ಅಂಕ ಕಡಿಮೆ ಆಗಿ ಅಲ್ಲ, ಕಾಗದ ಸರಿ ಇಲ್ಲದೆ. ಒಂಬತ್ತನೇ ಕ್ಲಾಸಿನ ಒಂದು ಶನಿವಾರವನ್ನು ಇದಕ್ಕೇ ಇಡಿ. ಆಧಾರ್‌ನಲ್ಲಿರುವ ಹೆಸರು ಮತ್ತು ಶಾಲೆಯ ದಾಖಲೆಯ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇದೆಯಾ, ಮಗುವಿನ ಹೆಸರಿನಲ್ಲೇ ಬ್ಯಾಂಕ್ ಖಾತೆ ಇದೆಯಾ, ಅದಕ್ಕೆ ಆಧಾರ್ ಜೋಡಣೆ ಆಗಿದೆಯಾ ಎಂದು ಒಬ್ಬೊಬ್ಬರದ್ದೂ ನೋಡಿ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಮುಂಚೆಯೇ ಅರ್ಜಿ ಕೊಡಿಸಿ. ಲಿಂಗದ ದಾಖಲೆ ಬದಲಾಯಿಸಿಕೊಳ್ಳಬೇಕು ಎನ್ನುವ ಮಕ್ಕಳಿಗೆ ಕೇಂದ್ರದ ಟ್ರಾನ್ಸ್‌ಜೆಂಡರ್ ಪೋರ್ಟಲ್ ಮೂಲಕ ಜಿಲ್ಲಾಧಿಕಾರಿಯಿಂದ ಗುರುತಿನ ಪ್ರಮಾಣಪತ್ರ ಸಿಗುತ್ತದೆ. ಹದಿನೆಂಟರ ಒಳಗಿನವರಾದರೆ ತಂದೆ ತಾಯಿ ಅಥವಾ ಪೋಷಕರು ಅರ್ಜಿ ಹಾಕಬೇಕು. ಮನೆಯಲ್ಲಿ ಒಪ್ಪಿಗೆ ಇಲ್ಲದಿದ್ದರೆ ಈಗಲೇ ಬಲವಂತ ಬೇಡ. ಹದಿನೆಂಟಾದ ಮೇಲೆ ತಾವೇ ಹಾಕಬಹುದು ಎಂದು ತಿಳಿಸಿ, ಅಲ್ಲಿವರೆಗೆ ಶಾಲೆಯ ದಾಖಲೆ ಹೇಗಿದೆಯೋ ಹಾಗೇ ಸೀಟಿಗೆ ಅರ್ಜಿ ಹಾಕಿಸಿ.